ಕುಂಕುಮ ಹಚ್ಚಿದ ಡಬ್ಬಿ, ಹದಿನಾಲ್ಕು ತಿಂಗಳ ಹಳೆಯ ರೂಲು

ಆಯುಧಪೂಜೆ ಮುಗಿದ ವಾರ ಪರಿಚಯದವರೊಬ್ಬರ ಕಚೇರಿಗೆ ಹೋಗಿದ್ದೆ. ಹೆಸರು ಬೇಡ, ನಲವತ್ತು ಜನ ಕೆಲಸ ಮಾಡುವ ಜಾಗ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಸರ್ವರ್, ಅದರ ಪಕ್ಕ ಒಂದು ಕಪ್ಪು ಡಬ್ಬಿ. ಡಬ್ಬಿಯ ನೆತ್ತಿಗೆ ಅರಿಶಿನ, ಕುಂಕುಮ, ಬಾಡಿದ ಸೇವಂತಿಗೆ. ಹಸಿರು ದೀಪಗಳು ಮಿಣುಕುತ್ತಿದ್ದವು. "ಇವನೇ ನಮ್ಮ ಕಾವಲುಗಾರ. ಮೂರು ವರ್ಷದಿಂದ ಒಂದು ದಿನವೂ ಕೆಟ್ಟಿಲ್ಲ" ಅಂದರು, ಹೆಮ್ಮೆಯಿಂದ. ಪರದೆ ತೆರೆಸಿ ನೋಡಿದೆ. ರೂಲುಗಳು ಕೊನೆಯ ಸಲ ಅಪ್‌ಡೇಟ್ ಆಗಿದ್ದು ಹದಿನಾಲ್ಕು ತಿಂಗಳ ಹಿಂದೆ. ಚಂದಾ ಮುಗಿದಿತ್ತು; ನವೀಕರಿಸಿ ಎಂದು ಬರುತ್ತಿದ್ದ ಇಮೇಲು ಕೆಲಸ ಬಿಟ್ಟುಹೋದ ಹುಡುಗನ ವಿಳಾಸಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಡಬ್ಬಿಗೆ ಎರಡು ಸಲ ಪೂಜೆಯಾಗಿತ್ತು.

ಆ ಡಬ್ಬಿಯ ಕೆಲಸವನ್ನು ಪುಸ್ತಕದ ಕನ್ನಡದಲ್ಲಿ 'ಜಾಲ ಒಳನುಸುಳುವಿಕೆ ಪತ್ತೆ' ಅನ್ನಬೇಕು. ಕೆಲಸ ಮಾಡುವವರು ಐಡಿಎಸ್ ಅನ್ನುತ್ತಾರೆ. ಬರೀ ನೋಡಿ ಕೂಗುವುದಾದರೆ ಐಡಿಎಸ್, ನೋಡಿ ತಡೆಯುವುದಾದರೆ ಐಪಿಎಸ್. ಎರಡರ ಹೊಟ್ಟೆಯಲ್ಲೂ ಇರುವುದು ರೂಲುಗಳೇ. ಚೆಕ್‌ಪೋಸ್ಟಿನ ಪೇದೆಯ ಕೈಯಲ್ಲಿರುವ ಗಾಡಿ ನಂಬರುಗಳ ಪಟ್ಟಿಯ ಹಾಗೆ. ಪಟ್ಟಿಯಲ್ಲಿ ಇಲ್ಲದ ಗಾಡಿ ಅವನ ಮುಂದೆಯೇ ಸಲಾಮು ಹೊಡೆದು ಹೋಗುತ್ತದೆ. ಪೇದೆ ನಿದ್ದೆ ಮಾಡಿರುವುದಿಲ್ಲ, ಪಟ್ಟಿ ಹಳೆಯದಾಗಿರುತ್ತದೆ.

ಒಂದು ರೂಲನ್ನು ಹತ್ತಿರದಿಂದ ನೋಡೋಣ. 2003ರ ಜನವರಿ 25, ಶನಿವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸ್ಲ್ಯಾಮರ್ ಎಂಬ ಹುಳು ಅಂತರಜಾಲಕ್ಕೆ ಬಿತ್ತು. ಇಡೀ ಹುಳು 376 ಬೈಟ್. ನೀವು ಈಗ ಓದುತ್ತಿರುವ ಈ ಪ್ಯಾರಾಕ್ಕಿಂತ ಚಿಕ್ಕದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನ ಒಂದು ದೋಷ ಹಿಡಿದು, 1434ನೇ ಯುಡಿಪಿ ಪೋರ್ಟಿಗೆ ಒಂದೇ ಒಂದು ಪ್ಯಾಕೆಟ್ಟಾಗಿ ನುಗ್ಗುತ್ತಿತ್ತು. ಶುರುವಿನಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ದುಪ್ಪಟ್ಟಾಯಿತು. ಹತ್ತು ನಿಮಿಷದೊಳಗೆ, ಜಗತ್ತಿನಲ್ಲಿ ಅದಕ್ಕೆ ಸಿಗಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿದಿತ್ತು. ಆ ದೋಷ ಮುಚ್ಚುವ ಪ್ಯಾಚ್ ಬಂದು ಆರು ತಿಂಗಳಾಗಿತ್ತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಕಿಕೊಂಡವರು ಕಡಿಮೆ.

ಆಗ ಬಳಕೆಯಲ್ಲಿದ್ದ ಮುಖ್ಯ ಕಾವಲುಗಾರ ಸ್ನಾರ್ಟ್, ಮಾರ್ಟಿನ್ ರೋಶ್ ಎಂಬಾತ 1998ರಲ್ಲಿ ಬರೆದು ಹಂಚಿದ ತಂತ್ರಾಂಶ. ಲಾಂಛನ ಒಂದು ಹಂದಿ. ಸ್ಲ್ಯಾಮರ್ ಹಿಡಿಯುವ ಸ್ನಾರ್ಟ್ ರೂಲು ಒಂದೇ ಸಾಲಿನದು: ಹೊರಗಿನಿಂದ 1434ನೇ ಪೋರ್ಟಿಗೆ ಬರುವ ಯುಡಿಪಿ ಪ್ಯಾಕೆಟ್ಟಿನ ಮೊದಲ ಬೈಟು 04 ಆಗಿದ್ದು, ಒಳಗೆ 81 ಎಫ್1 03 01 04 9ಬಿ 81 ಎಫ್1 01 ಎಂಬ ಬೈಟುಗಳ ಸಾಲಿದ್ದು, 'ಸಾಕ್', 'ಸೆಂಡ್' ಎಂಬ ಎರಡು ಪದಗಳೂ ಸಿಕ್ಕರೆ ಕೂಗು. ಕೊನೆಯಲ್ಲಿ ರೂಲಿನ ಕ್ರಮಸಂಖ್ಯೆ, ಎಷ್ಟನೇ ಪರಿಷ್ಕರಣೆ ಎಂಬ ಅಂಕಿ. ಈ ರೂಲಿನ ಕ್ರಮಸಂಖ್ಯೆ 2003. ಹುಳು ಬಂದ ವರ್ಷವೂ ಅದೇ, ಕಾಕತಾಳೀಯ ಅಷ್ಟೆ.

ಇದು ಕಳ್ಳನ ಮುಖ ನೆನಪಿಟ್ಟುಕೊಂಡ ರೂಲು. ಕಳ್ಳ ಮೀಸೆ ಬೋಳಿಸಿಕೊಂಡರೆ, ಅಂದರೆ ಹುಳುವಿನ ನಾಲ್ಕು ಬೈಟು ಬದಲಾದರೆ, ಈ ರೂಲಿನ ಆಟ ಮುಗಿಯಿತು. ಅನುಭವಿಗಳು ಅದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತಾರೆ. ಅದೇ ಪೋರ್ಟು, ಮೊದಲ ಬೈಟು ಅದೇ 04, ಆದರೆ ಬಂದ ಸಾಮಾನು ಇರಬೇಕಾದ್ದಕ್ಕಿಂತ ಉದ್ದವಾಗಿದೆಯೇ ಎಂದಷ್ಟೇ ನೋಡುವ ರೂಲು. ಇದಕ್ಕೆ ಕಳ್ಳ ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮನೆಯ ಯಾವ ಕಿಟಕಿ ಮುರಿದಿದೆಯೆಂದು ಗೊತ್ತಿದೆ, ಅಲ್ಲಿ ಯಾರು ಕೈಯಿಟ್ಟರೂ ಕೂಗುತ್ತದೆ. ಮೊದಲನೆಯದನ್ನು ದಾಳಿ ಬಂದ ಮೇಲೆ ಬರೆಯಬಹುದು. ಎರಡನೆಯದನ್ನು ದೋಷ ಬಹಿರಂಗವಾದ ದಿನವೇ, ದಾಳಿಗೆ ಮೊದಲೇ ಬರೆಯಬಹುದು. ಹೊಸ ದೋಷಕ್ಕೆ ತಕ್ಷಣ ಹೊಸ ರೂಲು ಎಂಬ ಇಡೀ ಉದ್ಯಮ ನಿಂತಿರುವುದು ಈ ಎರಡನೆಯ ಬಗೆಯ ಮೇಲೆ.

ಆ ಉದ್ಯಮಕ್ಕೆ ಬೆವರಿಳಿದದ್ದು 2021ರ ಡಿಸೆಂಬರಿನಲ್ಲಿ.

ಲಾಗ್‌ಫೋರ್‌ಜೆ ಎಂಬುದು ಜಾವಾ ಭಾಷೆಯ ತಂತ್ರಾಂಶಗಳೊಳಗೆ ದಿನಚರಿ ಬರೆಯುವ ಗುಮಾಸ್ತ. ಯಾರು ಬಂದರು, ಏನು ಕೇಳಿದರು, ಏನು ತಪ್ಪಾಯಿತು, ಎಲ್ಲವನ್ನೂ ಕಡತಕ್ಕಿಳಿಸುವುದು ಅದರ ಕೆಲಸ. ಬ್ಯಾಂಕಿನಿಂದ ಹಿಡಿದು ಮೈನ್‌ಕ್ರಾಫ್ಟ್ ಆಟದವರೆಗೆ ಎಲ್ಲೆಲ್ಲೂ ಈ ಗುಮಾಸ್ತ ಇದ್ದಾನೆ. ಇದ್ದಾನೆಂಬುದು ಬಹಳ ಕಡೆ ಯಜಮಾನರಿಗೇ ಗೊತ್ತಿರಲಿಲ್ಲ. 2013ರಲ್ಲಿ ಅವನಿಗೊಂದು ಹೊಸ ಅಭ್ಯಾಸ ಕಲಿಸಿದರು. ಬರೆದುಕೊಳ್ಳುವ ಸಾಲಿನಲ್ಲಿ ಡಾಲರ್ ಗುರುತು, ಪುಷ್ಪಾವರಣ, ಜೆ-ಎನ್-ಡಿ-ಐ ಎಂಬ ನಾಲ್ಕು ಅಕ್ಷರ, ಮುಂದೆ ಒಂದು ವಿಳಾಸ ಕಂಡರೆ, ಬರೆಯುವುದನ್ನು ನಿಲ್ಲಿಸಿ ಆ ವಿಳಾಸಕ್ಕೆ ಹೋಗಿ ಅಲ್ಲಿ ಕೊಟ್ಟದ್ದನ್ನು ತಂದು ನಡೆಸುತ್ತಾನೆ. ಉಕ್ತಲೇಖನ ಬರೆಯುವ ಹುಡುಗನಿಗೆ ಮೇಷ್ಟ್ರು "ಬಾವಿಗೆ ಹಾರು ಎಂದನು ರಾಮ" ಅಂತ ಓದಿ ಹೇಳಿದರೆ ಹುಡುಗ ಎದ್ದುಹೋಗಿ ಬಾವಿಗೆ ಹಾರಿದಂತೆ. ಎಂಟು ವರ್ಷ ಇದನ್ನು ಯಾರೂ ಗಮನಿಸಲಿಲ್ಲ.

ಅಲಿಬಾಬಾ ಕಂಪನಿಯ ಕ್ಲೌಡ್ ಭದ್ರತಾ ತಂಡದ ಚೆನ್ ಝಾವೋಜುನ್ 2021ರ ನವೆಂಬರ್ 24ರಂದು ಇದನ್ನು ಲಾಗ್‌ಫೋರ್‌ಜೆ ನೋಡಿಕೊಳ್ಳುವ ಅಪಾಚೆ ಪ್ರತಿಷ್ಠಾನಕ್ಕೆ ಗುಟ್ಟಾಗಿ ತಿಳಿಸಿದರು. ಡಿಸೆಂಬರ್ 9ರಂದು ಗುಟ್ಟು ರಟ್ಟಾಯಿತು. ದಾಳಿ ಮಾಡುವ ಕೋಡು ಸಮೇತ ಟ್ವಿಟರಿನಲ್ಲಿ ಹರಿದಾಡಿತು. ದೋಷಕ್ಕೆ ಸಿವಿಇ-2021-44228 ಎಂಬ ಸಂಖ್ಯೆ, ತೀವ್ರತೆ ಹತ್ತಕ್ಕೆ ಹತ್ತು. ಮರುದಿನದ ಹೊತ್ತಿಗೆ ಸ್ನಾರ್ಟಿಗೂ ಸುರಿಕಾಟಾಗೂ ರೂಲುಗಳು ಬಂದವು. ಸುರಿಕಾಟಾ ಅನ್ನುವುದು ಸ್ನಾರ್ಟಿನ ನಂತರದ ಪೀಳಿಗೆಯ ಮುಕ್ತ ತಂತ್ರಾಂಶ. ಹೆಸರು ಮೀರ್‌ಕ್ಯಾಟ್ ಎಂಬ, ಹಿಂಗಾಲ ಮೇಲೆ ನಿಂತು ಸುತ್ತಲೂ ನೋಡುವ ಪ್ರಾಣಿಯದು. ಒಂದೇ ದಿನದಲ್ಲಿ ರೂಲು ಬಂತಲ್ಲ ಎಂದು ಮೆಚ್ಚಬೇಕಾದ್ದೇ. ಆದರೆ ಕ್ಲೌಡ್‌ಫ್ಲೇರ್ ಕಂಪನಿ ತನ್ನ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದಾಗ ಡಿಸೆಂಬರ್ 1ರಂದೇ ಈ ದೋಷವನ್ನು ಯಾರೋ ಬಳಸಿದ ಗುರುತು ಸಿಕ್ಕಿತು. ಜಗತ್ತಿಗೆ ಗೊತ್ತಾಗುವುದಕ್ಕಿಂತ ಎಂಟು ದಿನ ಮೊದಲು. ಆ ಎಂಟು ದಿನಗಳಿಗೆ ಯಾವ ರೂಲೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಮೊದಲ ದಿನದ ರೂಲು ಸರಳವಾಗಿತ್ತು: ಡಾಲರ್, ಪುಷ್ಪಾವರಣ, ಜೆಎನ್‌ಡಿಐ, ಕೋಲನ್ ಈ ಸಾಲು ಕಂಡರೆ ಕೂಗು. ಕೆಲವೇ ಗಂಟೆಗಳಲ್ಲಿ ದಾಳಿಕೋರರು ಆ ಸಾಲನ್ನೇ ಬರೆಯುವುದು ಬಿಟ್ಟರು. ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎನ್ನುವ ಜನ. ಗುಮಾಸ್ತನಿಗೆ ದೊಡ್ಡಕ್ಷರವನ್ನು ಚಿಕ್ಕದು ಮಾಡು ಎಂಬ ಇನ್ನೊಂದು ಅಪ್ಪಣೆಯೂ ಅರ್ಥವಾಗುತ್ತಿತ್ತು. ಹಾಗಾಗಿ ಜೆ ಅಕ್ಷರದ ಬದಲು 'ಜೆ ಅನ್ನು ಚಿಕ್ಕದಾಗಿಸು' ಎಂಬ ಅಪ್ಪಣೆಯನ್ನೇ ಆ ಜಾಗದಲ್ಲಿ ತೂರಿಸಿದರು. ಕಾವಲುಗಾರನ ಕಣ್ಣಿಗೆ ಜೆಎನ್‌ಡಿಐ ಕಾಣುವುದಿಲ್ಲ; ಗುಮಾಸ್ತ ಒಳಗೆ ಬಿಡಿಸಿ ಓದಿಕೊಂಡಾಗ ಜೆಎನ್‌ಡಿಐ ಆಗುತ್ತದೆ. ಅದಕ್ಕೆ ರೂಲು ಬಂದರೆ ನಾಲ್ಕೂ ಅಕ್ಷರಗಳನ್ನು ಬೇರೆ ಬೇರೆ ಪುಷ್ಪಾವರಣಗಳಲ್ಲಿ ಕಟ್ಟಿ, 'ಏನೂ ಸಿಗದಿದ್ದರೆ ಈ ಅಕ್ಷರ ಇಟ್ಟುಕೋ' ಎಂಬ ರೂಪದಲ್ಲಿ ಕಳಿಸಿದರು. ಅದಕ್ಕೂ ರೂಲು ಬಂದರೆ ಎರಡನ್ನೂ ಬೆರೆಸಿದರು. ಆ ವಾರ ರೂಲು ಪಟ್ಟಿಗಳಲ್ಲಿ ಸಾಲುಸಾಲಾಗಿ ಹೊಸವು ಸೇರಿದವು, ಹಳೆಯವುಗಳ ಬಾಲದ ಪರಿಷ್ಕರಣೆಯ ಅಂಕಿ ಏರುತ್ತ ಹೋಯಿತು. ಶುಕ್ರವಾರ ರೂಲು ಹಾಕಿಕೊಂಡು ನಿಶ್ಚಿಂತೆಯಿಂದ ಮಲಗಿದ ಸಂಸ್ಥೆ ಸೋಮವಾರದ ಹೊತ್ತಿಗೆ ಮತ್ತೆ ಬಾಗಿಲು ತೆರೆದಿಟ್ಟ ಮನೆಯೇ. ಕೆನಡಾದ ಕ್ವಿಬೆಕ್ ಸರ್ಕಾರ ಈ ಆಟವೇ ಬೇಡವೆಂದು ಆ ಭಾನುವಾರ ತನ್ನ ಸುಮಾರು 4,000 ವೆಬ್‌ಸೈಟುಗಳನ್ನು ಮುಚ್ಚಿ ಕುಳಿತಿತು.

ರೂಲು ಬರೆಯುವವರಲ್ಲಿ ಜಾಣರು ಆಗಲೇ ಬೇರೆ ದಿಕ್ಕಿಗೆ ತಿರುಗಿದ್ದರು. ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದು. ಒಳಗೆ ಬರುವ ಸಾಲಿಗೆ ಸಾವಿರ ವೇಷ ಹಾಕಬಹುದು. ಆದರೆ ದಾಳಿ ಗೆಲ್ಲಬೇಕಾದರೆ ಗುಮಾಸ್ತ ಹೊರಗೆ ಹೋಗಲೇಬೇಕು, ಏನನ್ನಾದರೂ ತರಲೇಬೇಕು. ಹೋಗುವಾಗ ಅವನು ಮಾತಾಡುವುದು ಸಾಮಾನ್ಯವಾಗಿ ಎಲ್‌ಡಿಎಪಿ ಎಂಬ ಶಿಷ್ಟ ಭಾಷೆಯಲ್ಲಿ. ಒಂದು ಸಂಸ್ಥೆಯ ವೆಬ್ ಸರ್ವರ್ ಹೊರಜಗತ್ತಿನ ಅಪರಿಚಿತನೊಂದಿಗೆ ಎಲ್‌ಡಿಎಪಿ ಮಾತಾಡಲು ಕಾರಣವೇ ಇಲ್ಲ. ಇನ್ನು ತರುವ ಸಾಮಾನು ಜಾವಾ ಕ್ಲಾಸ್ ಕಡತವಾದರೆ ಅದರ ಮೊದಲ ನಾಲ್ಕು ಬೈಟುಗಳು ಯಾವತ್ತೂ ಒಂದೇ. ಹದಿನಾರರ ಸಂಖ್ಯಾಪದ್ಧತಿಯಲ್ಲಿ ಓದಿದರೆ 'ಕೆಫೆ ಬೇಬ್' ಆಗುತ್ತದೆ. ಜಾವಾ ಕಟ್ಟಿದವರ ತಮಾಷೆ. ಅವರ ತಮಾಷೆ ಕಾವಲುಗಾರರಿಗೆ ಗುರುತಾಯಿತು. ಬಾಗಿಲಲ್ಲಿ ಬರುವವರ ಮುಖ ನೋಡುತ್ತ ಕೂರುವ ಬದಲು, ಹಿತ್ತಿಲ ಬಾಗಿಲಿನಿಂದ ಅವೇಳೆಯಲ್ಲಿ ಹೊರಟ ಮನೆಯ ಆಳನ್ನು ಹಿಡಿದು ಕೇಳುವ ಉಪಾಯ.

ಇಷ್ಟೆಲ್ಲ ರೂಲು ತುಂಬಿದರೆ ಡಬ್ಬಿ ನಿಧಾನವಾಗುವುದಿಲ್ಲವೇ? ಆಗುತ್ತದೆ. ಆದರೆ ನೀವು ಅಂದುಕೊಂಡಷ್ಟಲ್ಲ. ಬೆಲ್ ಲ್ಯಾಬ್ಸಿನ ಆಲ್ಫ್ರೆಡ್ ಆಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೊಂದಿದೆ. ಪಠ್ಯವನ್ನು ಒಂದೇ ಸಲ ಓದುತ್ತ ಸಾವಿರಾರು ಪದಗಳನ್ನು ಒಟ್ಟಿಗೆ ಹುಡುಕುವುದು. ಗ್ರಂಥಸೂಚಿಗಳಲ್ಲಿ ಪದ ಹುಡುಕಲೆಂದು ಹುಟ್ಟಿದ್ದು ಇವತ್ತು ಪ್ಯಾಕೆಟ್ಟುಗಳ ಹೊಳೆಯಲ್ಲಿ ಕಳ್ಳರನ್ನು ಹುಡುಕುತ್ತಿದೆ. ಆದರೂ ಬಂದ ರೂಲುಗಳನ್ನೆಲ್ಲ ಚಾಲೂ ಮಾಡಬಾರದು. ನಿಮ್ಮಲ್ಲಿ ಇಲ್ಲದ ತಂತ್ರಾಂಶದ ರೂಲು ನಿಮಗೆ ಹೊರೆ. ಪಟ್ಟಿ ಕೊಡುವವರೇ ಎಷ್ಟೋ ರೂಲುಗಳನ್ನು ಆರಿಸಿಟ್ಟು ಕಳಿಸುತ್ತಾರೆ. ಯಾವುದನ್ನು ಉರಿಸಬೇಕೆಂಬುದು ಮನೆಯವರ ತೀರ್ಮಾನ. ನಮ್ಮಲ್ಲಿ ಏನೇನಿದೆ ಎಂಬ ಪಟ್ಟಿಯೇ ಇಲ್ಲದ ಕಚೇರಿ ಈ ತೀರ್ಮಾನ ಮಾಡುವುದು ಹೇಗೆ? 2024ರಲ್ಲಿ ಪ್ರಕಟವಾದ ದೋಷಗಳೇ 40,000ಕ್ಕೂ ಹೆಚ್ಚು. ದಿನಕ್ಕೆ ನೂರರ ಮೇಲೆ.

ರೂಲು ಬರೆಯುವವರು ಯಾರು ಎಂದರೆ, ಬಹುಪಾಲು ಕಂಪನಿಗಳ ಸಂಬಳದವರು. ಸ್ನಾರ್ಟಿನ ರೂಲುಗಳನ್ನು ಈಗ ಸಿಸ್ಕೋ ಕಂಪನಿಯ ಟ್ಯಾಲೋಸ್ ತಂಡ ಬರೆಯುತ್ತದೆ. ದುಡ್ಡು ಕೊಟ್ಟ ಚಂದಾದಾರರಿಗೆ ಇವತ್ತೇ ಸಿಗುವ ರೂಲು, ಪುಕ್ಕಟೆ ನೋಂದಾಯಿಸಿಕೊಂಡವರಿಗೆ ಮೂವತ್ತು ದಿನ ಬಿಟ್ಟು ಸಿಗುತ್ತದೆ. ಆ ಮೂವತ್ತು ದಿನ ಎಷ್ಟು ದೊಡ್ಡದೆಂದು ಡಿಸೆಂಬರ್ 2021ರ ಲೆಕ್ಕ ಹಾಕಿದರೆ ತಿಳಿಯುತ್ತದೆ. ಇನ್ನೊಂದು ಕಡೆ ಎಮರ್ಜಿಂಗ್ ಥ್ರೆಟ್ಸ್ ಎಂಬ ಪಟ್ಟಿ. ಪ್ರೂಫ್‌ಪಾಯಿಂಟ್ ಕಂಪನಿಯ ಕೈಯಲ್ಲಿದ್ದರೂ ಅದರ ಮುಕ್ತ ಭಾಗ ಯಾರಿಗಾದರೂ ದಕ್ಕುತ್ತದೆ. ಬಡ ಸಂಸ್ಥೆಗಳಿಗೆ ಅದೇ ದಿಕ್ಕು.

ದೋಷದ ವಿವರ ಇವರಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? 2008ರಿಂದ ಮೈಕ್ರೋಸಾಫ್ಟ್ ಒಂದು ಏರ್ಪಾಡು ಇಟ್ಟುಕೊಂಡಿದೆ. ಪ್ಯಾಚ್ ಬಿಡುವ ಮುಂಚೆ ನಂಬಿಕಸ್ಥ ಭದ್ರತಾ ಕಂಪನಿಗಳಿಗೆ ವಿವರ ಕೊಡುತ್ತದೆ, ರೂಲು ತಯಾರಿಟ್ಟುಕೊಳ್ಳಲಿ ಎಂದು. ನಂಬಿಕೆ ಒಮ್ಮೆ ಸೋರಿತು ಕೂಡ. 2012ರಲ್ಲಿ ರಿಮೋಟ್ ಡೆಸ್ಕ್‌ಟಾಪ್ ದೋಷವೊಂದರ ವಿವರ ಹೊರಬಿದ್ದಾಗ ಚೀನಾದ ಹಾಂಗ್‌ಝೌ ಡಿಪಿಟೆಕ್ ಎಂಬ ಕಂಪನಿಯನ್ನು ಆ ಏರ್ಪಾಡಿನಿಂದ ಕಿತ್ತುಹಾಕಿದರು. ರೂಲೇ ಗುಟ್ಟು ಬಿಟ್ಟುಕೊಡುವ ಅಪಾಯವೂ ಇದೆ: ಇಂಥ ಬೈಟಿನ ಹಿಂದೆ ಇಂಥ ಉದ್ದ ನೋಡು ಎಂದು ಬರೆದ ರೂಲು, ಓದಬಲ್ಲವನಿಗೆ ಕಿಟಕಿ ಎಲ್ಲಿ ಮುರಿದಿದೆಯೆಂದು ತೋರಿಸುತ್ತದೆ. ಅದಕ್ಕೇ ಕೆಲವು ರೂಲುಗಳನ್ನು ಯಂತ್ರಕ್ಕಷ್ಟೇ ತಿಳಿಯುವ ರೂಪದಲ್ಲಿ ಕಟ್ಟಿ ಕೊಡುವ ರೂಢಿ ಬಂತು.

ಮೈಕ್ರೋಸಾಫ್ಟ್ ಪ್ಯಾಚ್ ಬಿಡುವುದು ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಪಶ್ಚಿಮ ತೀರದ ಬೆಳಗಿನ ಹತ್ತು ಗಂಟೆಗೆ. ಬೆಂಗಳೂರಿನಲ್ಲಿ ಆಗ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಪರದೇಶದ ಗಿರಾಕಿಗಳ ಜಾಲ ಕಾಯುವ ಹುಡುಗ ಹುಡುಗಿಯರಿಗೆ ಅದು ಊಟ ಮುಗಿಸಿ ಕೂರುವ ಹೊತ್ತು. ರೂಲು ಬರುತ್ತದೆ, ಪರೀಕ್ಷಾ ಯಂತ್ರದಲ್ಲಿ ಹಾಕಿ ನೋಡುತ್ತಾರೆ, ಕಾವಲನ್ನು ನಿಲ್ಲಿಸದೆಯೇ ಹೊಸ ಪಟ್ಟಿ ಏರಿಸುತ್ತಾರೆ. ಬೆಳಗಿನ ಕ್ಯಾಬಿನಲ್ಲಿ ಮನೆಗೆ ಹೋಗಿ ಮಲಗುತ್ತಾರೆ.

'ಪರೀಕ್ಷಾ ಯಂತ್ರದಲ್ಲಿ ಹಾಕಿ ನೋಡುತ್ತಾರೆ' ಎಂದು ಸುಲಭವಾಗಿ ಬರೆದೆ. ಎಲ್ಲರೂ ಹಾಗೆ ಮಾಡುವುದಿಲ್ಲ. 2024ರ ಜುಲೈ 19, ಶುಕ್ರವಾರ ಬೆಳಿಗ್ಗೆ ನಮ್ಮ ಸಮಯ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ಹೊಸ ಪತ್ತೆ ವಿವರಗಳ ಕಡತವೊಂದನ್ನು ಕಳಿಸಿತು. ಜಾಲದ್ದಲ್ಲ, ಕಂಪ್ಯೂಟರಿನೊಳಗೇ ಕೂರುವ ಕಾವಲುಗಾರನದ್ದು. ಆದರೂ ಸ್ವಭಾವ ಅದೇ. ಕಡತ 21 ಅಂಶಗಳನ್ನು ಕೇಳುತ್ತಿತ್ತು, ಓದುವ ತಂತ್ರಾಂಶ 20 ಮಾತ್ರ ಕೊಡುತ್ತಿತ್ತು. ಎಪ್ಪತ್ತೆಂಟು ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಂಡರೂ ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಅದೇ ದಿನ. ಕಳ್ಳನಿಗಿಂತ ಬೇಗ ಓಡುವ ಅವಸರದಲ್ಲಿ ಕಾವಲುಗಾರನೇ ಮನೆಯ ಮೇಲೆ ಬಿದ್ದ. ರೂಲು ಬೇಗ ಬರಬೇಕು, ನಿಜ. ಮೊದಲು ಹತ್ತು ಯಂತ್ರಕ್ಕೆ, ಆಮೇಲೆ ನೂರಕ್ಕೆ ಎಂದು ಅರ್ಧ ದಿನ ತಡಮಾಡಿದರೆ ಆಗುವ ನಷ್ಟ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇನ್ನು ರೂಲು ಕೂಗಿದ ಮೇಲಿನ ಮಾತು. ಸಡಿಲವಾಗಿ ಬರೆದ ಒಂದು ರೂಲು ದಿನಕ್ಕೆ ಸಾವಿರ ಸುಳ್ಳು ಅಲರ್ಟ್ ಎಬ್ಬಿಸಬಲ್ಲದು. ಸಾವಿರದ ಒಂದನೆಯದು ನಿಜವಾದರೂ ಅದನ್ನು ನೋಡುವ ಕಣ್ಣು ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. ಬೆಂಗಳೂರಿಗೆ ನೇರ ಸಂಬಂಧಿಸಿದ ಪ್ರಸಂಗವೊಂದು ಹಳೆಯದಾದರೂ ನೆನಪಿಡಬೇಕಾದ್ದು. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿ ಸರಣಿಯಿಂದ 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. 2014ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ ಮಾಡಿದ ವರದಿಯ ಪ್ರಕಾರ, ಕಳ್ಳರು ಮಾಲು ಸಾಗಿಸುವ ತಂತ್ರಾಂಶವನ್ನು ಇಳಿಸಿದ ನವೆಂಬರ್ 30ರಂದೇ ಪತ್ತೆ ಸಾಧನ ಕೂಗಿತ್ತು. ಬೆಂಗಳೂರಿನಲ್ಲಿ ಕುಳಿತಿದ್ದ ತಂಡ ಅದನ್ನು ನೋಡಿ ಮಿನಿಯಾಪೊಲಿಸಿನ ಕೇಂದ್ರ ಕಚೇರಿಗೆ ತಿಳಿಸಿಯೂ ಇತ್ತು. ಅಲ್ಲಿ ಯಾರೂ ಏಳಲಿಲ್ಲ. ಸಾಧನಕ್ಕೆ ತಾನಾಗಿಯೇ ಅಳಿಸುವ ಶಕ್ತಿ ಇತ್ತು, ಅದನ್ನು ಆಫ್ ಮಾಡಿಟ್ಟಿದ್ದರು. ಇಲ್ಲಿನ ಹುಡುಗರು ತಮ್ಮ ಕೆಲಸ ಮಾಡಿದ್ದರು ಎಂಬುದನ್ನು ಊರಿನ ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಪತ್ತೆಗೂ ತಡೆಗೂ ನಡುವೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಅಧಿಕಾರ ಬೇಕು.

ರೂಲಿನ ಮಿತಿ ಇನ್ನೊಂದಿದೆ, ಇದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಇಂದಿನ ಜಾಲ ಸಂಚಾರದ ಬಹುಪಾಲು ಗೂಢಲಿಪಿಯಲ್ಲಿ ಹೋಗುತ್ತದೆ. ಮುಚ್ಚಿದ ಲಕೋಟೆಯ ಒಳಗಿನ ಪತ್ರವನ್ನು ಡಬ್ಬಿ ಓದಲಾರದು. ಲಕೋಟೆ ಬಿಚ್ಚುವ ಜಾಗದ ಹಿಂದೆ ಡಬ್ಬಿ ಇಟ್ಟರೆ ಓದಬಹುದು. ಮುಂದೆ ಇಟ್ಟರೆ ಎಷ್ಟು ಹೊಸ ರೂಲು ತುಂಬಿದರೂ ಅದು ಲಕೋಟೆಯ ತೂಕ, ವಿಳಾಸ ನೋಡುತ್ತ ಕೂರುತ್ತದೆ.

ಹಾಗಾದರೆ ರೂಲಿನಿಂದ ಸಿಗುವುದೇನು? ಸಮಯ. ಪ್ಯಾಚ್ ಹಾಕಲು ಸರ್ವರ್ ನಿಲ್ಲಿಸಬೇಕು, ಮಾರಿದವರನ್ನು ಕೇಳಬೇಕು, ರಾತ್ರಿ ಕಾಯಬೇಕು. ಅಷ್ಟು ದಿನ ರೂಲು ಕೈಸಾಲ ಕೊಡುತ್ತದೆ. ಲಾಗ್‌ಫೋರ್‌ಜೆಯ ಮೊದಲ ದುರಸ್ತಿಯಾದ 2.15 ಅರೆಬರೆಯಾಗಿ, ಡಿಸೆಂಬರ್ 13ಕ್ಕೆ 2.16, ಆ ವಾರದ ಕೊನೆಗೆ 2.17, ಡಿಸೆಂಬರ್ 28ಕ್ಕೆ 2.17.1 ಬಂದವು. ಆ ಮೂರು ವಾರ ದಾಟಿಸಿದ್ದು ಎಷ್ಟೋ ಕಡೆ ರೂಲುಗಳೇ. ಕೈಸಾಲವನ್ನು ಆಸ್ತಿ ಅಂದುಕೊಂಡವರೂ ಇದ್ದಾರೆ. ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2022ರ ಜುಲೈ ವರದಿಯಲ್ಲಿ, ಈ ದೋಷ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ವ್ಯವಸ್ಥೆಗಳಲ್ಲಿ ಉಳಿದೇ ಇರುತ್ತದೆ ಎಂದು ಎಚ್ಚರಿಸಿತು.

ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಗಮನಕ್ಕೆ ಬಂದ ಮೇಲೆ ಎಂಬುದನ್ನು ಗಮನಿಸಿ. ಹದಿನಾಲ್ಕು ತಿಂಗಳ ಹಳೆಯ ರೂಲಿದ್ದರೆ ಗಮನಕ್ಕೆ ಬರುವುದೇ ಇಲ್ಲ. ಆರು ಗಂಟೆಯ ಗಡಿಯಾರ ಶುರುವಾಗುವುದೂ ಇಲ್ಲ.

ಪರಿಚಯದವರ ಕಚೇರಿಯಲ್ಲಿ ಅವತ್ತೇ ಚಂದಾ ಕಟ್ಟಿದರು. ಇಮೇಲು ಈಗ ಇಬ್ಬರಿಗೆ ಹೋಗುತ್ತದೆ. ಸೇವಂತಿಗೆ ಹಾಗೇ ಇದೆ, ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ. ನಿಮ್ಮ ಕಚೇರಿಯಲ್ಲೂ, ಬ್ಯಾಂಕಿನಲ್ಲೂ, ಮಕ್ಕಳ ಶಾಲೆಯಲ್ಲೂ ಅಂಥದೊಂದು ಡಬ್ಬಿ ಇದ್ದೀತು. ಡಬ್ಬಿ ಚೆನ್ನಾಗಿದೆಯೇ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ರೂಲು ಕೊನೆಯ ಸಲ ಬಂದ ತಾರೀಖು ಯಾವುದು ಎಂದು ಕೇಳಿ.